ಆಟದ ಡಬ್ಬದ ಬೀಗ ಒಡೆದ ಚಂದನ

ಅನುಮಾನ ನನ್ನ ಹುಟ್ಟುಗುಣ. ಅದಕ್ಕೆ ನನಗೆ ನಾಚಿಕೆಯೂ ಇಲ್ಲ. ಸೂಲಿಬೆಲೆಯಿಂದ ಸ್ವಲ್ಪ ಆಚೆಗಿರುವ ನಮ್ಮೂರಿನ ಮಹಿಳಾ ಹಾಲಿನ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೆ ಈ ಗುಣ ಇನ್ನಷ್ಟು ಗಟ್ಟಿಯಾಯಿತು. ಹಾಲಿಗೆ ನೀರು ಬೆರೆಸಿದವಳು ಯಾವತ್ತೂ ತಲೆ ತಗ್ಗಿಸಿಕೊಂಡು ಬರುವುದಿಲ್ಲ. ನಗುನಗುತ್ತಾ, "ಊಟ ಆಯ್ತಾ ಪ್ರಮೋದಕ್ಕ?" ಎಂದು ವಿಚಾರಿಸಿಕೊಂಡೇ ಬರುತ್ತಾಳೆ. ಹಾಗಾಗಿ ಯಾರಾದರೂ ನನ್ನ ಊಟದ ವಿಚಾರ ಎತ್ತಿದರೆ ನನ್ನ ಕಣ್ಣು ಮೊದಲು ಅವರ ಕ್ಯಾನಿನ ಕಡೆ ಹೋಗುತ್ತದೆ.

ಚಂದನ ನನ್ನ ಊಟದ ವಿಚಾರ ಕೇಳಿದವಳೇ ಅಲ್ಲ. ಯಾರದನ್ನೂ ಕೇಳುತ್ತಿರಲಿಲ್ಲ. ಮಾಲೂರು ಕಡೆಯ ಹುಡುಗಿ, ಮನೆಯಲ್ಲಿ ಅರ್ಧ ತೆಲುಗು ಮಾತು. ಕೋಲಾರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡು, ಅಕ್ಕಯಮ್ಮನ ಮಗ ಮುರಳಿಯನ್ನು ಮದುವೆಯಾಗಿ ನಮ್ಮೂರಿಗೆ ಬಂದಳು. ಬಂದ ಹೊಸದರಲ್ಲಿ ಎಲ್ಲರೂ ಅವಳನ್ನು "ಮುರಳಿ ಹೆಂಡ್ತಿ" ಎನ್ನುತ್ತಿದ್ದರು, ಹಿರಿಯರು "ಅಕ್ಕಯಮ್ಮನ ಸೊಸೆ" ಎನ್ನುತ್ತಿದ್ದರು. ಸಂಘದಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಖಾಲಿಯಾದಾಗ ತಾನಾಗಿ ಬಂದು ಕೇಳಿದಳು. ಕೊಟ್ಟೆವು. ಆ ಕುರ್ಚಿಯಲ್ಲಿ ಕೂತ ಮೇಲೆ ಊರಿಗೆ ಅವಳ ಹೆಸರು ಗೊತ್ತಾಯಿತು. ಒಂದು ಸಲ ಅವಳೇ ನನಗೆ ಹೇಳಿದ್ದುಂಟು: "ಅಕ್ಕಾ, ಈ ಊರಲ್ಲಿ ನಾನು ಚಂದನ ಅಂತ ಇರೋದು ಈ ಕುರ್ಚಿ ಮೇಲೆ ಮಾತ್ರ. ಇದು ಹೋದ್ರೆ ನನ್ಹತ್ರ ಏನೂ ಇಲ್ಲ."

ಆ ಕುರ್ಚಿಯ ಮುಂದೆ ಇರುವುದು ಫ್ಯಾಟು ನೋಡುವ ಮಿಷನ್ನು. ನೀವು ಹಾಲು ತರುತ್ತೀರಿ, ಚಂದನ ಅದನ್ನು ಸೌಟಿನಲ್ಲಿ ಕಲಕಿ ಒಂದು ಪುಟ್ಟ ಲೋಟದಲ್ಲಿ ತೆಗೆದು ಮಿಷನ್ನಿನ ಕೊಳವೆಗೆ ಹಿಡಿಯುತ್ತಾಳೆ. ಗೊರ್ ಎಂದು ಹೀರಿಕೊಂಡು ಅದು ಕೆಂಪು ಅಕ್ಷರದಲ್ಲಿ ಒಂದು ಅಂಕಿ ತೋರಿಸುತ್ತದೆ. ಹಾಲು ಎಷ್ಟು ಗಟ್ಟಿ ಎಂಬುದು ಆ ಅಂಕಿ. ನಿಮ್ಮ ಹಾಲಿನ ಬೆಲೆ ನಿಂತಿರುವುದೂ ಅದರ ಮೇಲೆಯೇ. ಆ ಕೆಂಪು ಅಂಕಿಯನ್ನು ನೋಡುವಷ್ಟು ಭಯಭಕ್ತಿಯಿಂದ ನಮ್ಮ ಹೆಂಗಸರು ಯಾವ ದೇವರನ್ನೂ ನೋಡುವುದಿಲ್ಲ.

ಬೆಳಗಿನ ಹಾಲಿನ ಕೆಲಸ ಮುಗಿದರೆ ಸಂಜೆಯ ಹಾಲಿನವರೆಗೆ ಅವಳಿಗೆ ಬಿಡುವು. ಊರಿನ ಮಿಕ್ಕ ಹೆಣ್ಣುಮಕ್ಕಳು ಆ ಹೊತ್ತಿನಲ್ಲಿ ಒಂದು ನಿದ್ದೆ ಮಾಡುತ್ತಾರೆ, ಸೀರಿಯಲ್ ನೋಡುತ್ತಾರೆ, ಜಗಲಿಯಲ್ಲಿ ಕೂತು ಎದುರಿಗಿಲ್ಲದವರ ಮಾತಾಡುತ್ತಾರೆ. ಇವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಡಹಗಲಲ್ಲಿ ಬಾಗಿಲು ಹಾಕಿಕೊಳ್ಳುವ ಮನೆಯ ಮೇಲೆ ನನಗೆ ಒಳ್ಳೆಯ ಅಭಿಪ್ರಾಯ ಇರುವುದಾದರೂ ಹೇಗೆ?

ಮೊದಲು ಬಾಯಿಬಿಟ್ಟವಳು ಅತ್ತೆ ಅಕ್ಕಯಮ್ಮನೇ. ಹಾಲು ಹಾಕಿ ಖಾಲಿ ಕ್ಯಾನು ಸೊಂಟಕ್ಕಿಟ್ಟುಕೊಂಡು ನನ್ನ ಕಿವಿಯಲ್ಲಿ, "ಅದೇನೋ ಡಬ್ಬ ತಂದ್ಮಡಿಕೊಂಡವ್ಳೆ ಕಣೆ. ದಿನಾ ಬಿಚ್ತಾಳೆ, ದಿನಾ ಮುಚ್ತಾಳೆ. ಮನೆಯೆಲ್ಲ ಸುಟ್ಟ ವಾಸ್ನೆ. ಕೇಳಿದ್ರೆ ಆಟದ ಸಾಮಾನು ಅಂತಾಳೆ. ಮಕ್ಳಿಲ್ಲದ ಮನೇಲಿ ಆಟದ ಸಾಮಾನು ಯಾಕಮ್ಮ?" ಎಂದಳು.

ನನಗೂ ಅದೇ ಪ್ರಶ್ನೆ ಬಂತು. ಮುರಳಿಗೆ ಹೊಸಕೋಟೆ ಹತ್ತಿರದ ಒಂದು ದೊಡ್ಡ ಗೋದಾಮಿನಲ್ಲಿ ಕೆಲಸ. ಬೆಂಗಳೂರಿನ ಜನ ಆನ್‌ಲೈನಿನಲ್ಲಿ ತರಿಸಿ, ಬೇಡವೆಂದು ವಾಪಸ್ ಕಳಿಸಿದ ಸಾಮಾನೆಲ್ಲ ಬಂದು ಬೀಳುವ ಜಾಗ. ಗೋದಾಮಿನಿಂದ ಡಬ್ಬ ಮನೆಗೆ ಬಂದಿದೆ ಎಂದರೆ ಯಾರ ತಲೆಗೆ ಏನು ಹೊಳೆಯುತ್ತದೋ ನನಗೂ ಅದೇ ಹೊಳೆಯಿತು. ಬಸ್ಸಿಳಿದು ಬರುತ್ತಿದ್ದ ಮುರಳಿಯನ್ನು ಅಡ್ಡಹಾಕಿ ನೇರವಾಗಿ ಕೇಳಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಆನ್ ಆಗ್ದೇ ಇರೋ ಪೀಸ್ ಕಣಕ್ಕ. ಗುಜರಿಗೆ ಹಾಕಿದ್ರು. ಚಂದನಂಗೆ ಇಂಥದ್ರ ಹುಚ್ಚು ಅಂತ ಸೂಪರ್‌ವೈಸರ್ನ ಕೇಳ್ದೆ, ಗೇಟ್ ಪಾಸ್ ಬರ್ಕೊಟ್ರು," ಎಂದ. ಎಲ್ಲ ಸರಿಯಾಗಿಯೇ ಹೇಳಿದ. ಎಲ್ಲವನ್ನೂ ಅಷ್ಟು ಸರಿಯಾಗಿ ಹೇಳಿದ್ದೇ ನನಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಕೊರಿಯರ್ ಹುಡುಗ ಒಂದು ಪೊಟ್ಟಣ ತಂದು ನಮ್ಮ ಸಂಘದ ಬಾಗಿಲಲ್ಲಿ ನಿಂತ. ಅಂಗೈಯಗಲದ್ದು, ಮೇಲೆ ಅರ್ಥವಾಗದ ಲಿಪಿಯಲ್ಲಿ ಏನೇನೋ ಅಚ್ಚು. ಹೆಸರು ಮಾತ್ರ ಚಂದನಾಳದು. ಇಂಥ ಅವಕಾಶ ಬಿಡುವವಳು ನಾನಲ್ಲ. ನಾನೇ ತಲುಪಿಸುತ್ತೇನೆಂದು ಇಸಿದುಕೊಂಡು ಮಧ್ಯಾಹ್ನ ನೆಟ್ಟಗೆ ಅವಳ ಮನೆಗೆ ಹೋದೆ.

ಬಾಗಿಲು ತೆಗೆದಳು. ಹಣೆಗೆ ಒಂದು ಭೂತಗನ್ನಡಿ ಪಟ್ಟಿ ಕಟ್ಟಿಕೊಂಡಿದ್ದಳು, ಕೈಯಲ್ಲಿ ಬೆಸುಗೆ ಹಾಕುವ ಕಡ್ಡಿ. ನಡುಮನೆಯ ಚಾಪೆಯ ಮೇಲೆ ಆ ಡಬ್ಬ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಒಳಗೆ ಹಸಿರು ಹಲಗೆ, ಅದರ ಮೇಲೆ ಕೂದಲಿಗಿಂತ ಸಣ್ಣ ತಂತಿಗಳು. ಟಿವಿ ಹಚ್ಚಿತ್ತು, ಆದರೆ ಪರದೆ ಕರ್ರಗಿತ್ತು.

"ಏನಮ್ಮ ಇದು?" ಎಂದೆ.

"ಟಿವೀಲಿ ಆಟ ಆಡೋ ಡಬ್ಬ ಅಕ್ಕಾ. ಸತ್ತೋಗಿತ್ತು. ಒಂದು ಫ್ಯೂಸ್ ಹೋಗಿತ್ತು ಅಷ್ಟೆ, ಹಾಕ್ದೆ, ಎದ್ಕೂತ್ಕೊಂತು."

"ಎದ್ಕೂತ್ಮೇಲೆ ಮತ್ತೆ ಯಾಕೆ ಬಿಚ್ಚಿದ್ದೀಯ?"

ಆಗ ಅವಳು ವಿವರಿಸಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಡಬ್ಬಕ್ಕೆ ಜೀವ ಬಂದರೂ ಅದು ಕಂಪನಿ ಮಾರುವ ಆಟ ಬಿಟ್ಟು ಬೇರೆ ಯಾವುದನ್ನೂ ಓಡಿಸುವುದಿಲ್ಲವಂತೆ. ಸ್ವಿಚ್ಚು ಹಾಕಿದ ಕ್ಷಣದಲ್ಲಿ ಒಳಗೆ ಒಂದು ತಪಾಸಣೆ ನಡೆಯುತ್ತದಂತೆ. ಕಂಪನಿಯ ಮುದ್ರೆ ಇದ್ದರೆ ಬಿಡುತ್ತದೆ, ಇಲ್ಲದಿದ್ದರೆ ಪರದೆ ಕಪ್ಪು. ಆ ತಪಾಸಣೆ ನಡೆಯುವ ಹೊತ್ತಿಗೆ ಸರಿಯಾಗಿ, ಕರೆಂಟನ್ನು ಒಂದು ಚೂರು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಕುಗ್ಗಿಸಿದರೆ ಅದಕ್ಕೆ ತಲೆ ತಿರುಗಿ ಮುದ್ರೆ ನೋಡುವುದನ್ನೇ ಮರೆತುಬಿಡುತ್ತದಂತೆ. ಆಮೇಲೆ ನಾವು ಬರೆದದ್ದನ್ನೂ ಓಡಿಸುತ್ತದೆ. ಆ ಒಂದು ಚೂರು ಹೊತ್ತು ಯಾವುದೆಂದು ಹುಡುಕುವುದೇ ಅವಳ ಕೆಲಸ. ನಾನು ತಂದ ಪೊಟ್ಟಣದಲ್ಲಿದ್ದದ್ದು ಆ ಕರೆಂಟು ಕುಗ್ಗಿಸುವ ಬೆರಳುಗುರಿನಷ್ಟು ಬಿಲ್ಲೆ.

"ಅಂದ್ರೆ ಬೀಗ ಒಡೀತಿದ್ದೀಯ," ಎಂದೆ.

"ಹೂಂ ಅಕ್ಕಾ," ಎಂದಳು ಖುಷಿಯಿಂದ.

"ಒಡೆದ್ಮೇಲೆ ಕಳ್ಳ ಆಟ ಹಾಕ್ಕೊಂಡು ಮಾರ್ತೀಯಾ?"

"ಛೇ, ಅದು ಮಾಡಲ್ಲ. ನಮ್ಮ ಗುಂಪಲ್ಲಿ ಅದು ಮಾಡಿದ್ರೆ ಹೊರಗೆ ಹಾಕ್ತಾರೆ."

"ಯಾವ ಗುಂಪು?"

ಫೋನು ತೋರಿಸಿದಳು. ದೇಶದೇಶದ ಜನ, ಒಬ್ಬರಿಗೂ ಸರಿಯಾದ ಹೆಸರಿಲ್ಲ, ಒಬ್ಬರಿಗೂ ಮುಖವಿಲ್ಲ. ಒಬ್ಬ ಪೋಲೆಂಡಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನಂತೆ, ಒಬ್ಬಳು ಬ್ರೆಜಿಲಿನಲ್ಲಿ ದಂತವೈದ್ಯೆಯಂತೆ. ಇವರೆಲ್ಲ ಹಗಲೂ ರಾತ್ರಿ ಒಬ್ಬರಿಗೊಬ್ಬರು ತಂತಿಯ ಫೋಟೊ ಕಳಿಸಿಕೊಳ್ಳುತ್ತಾರೆ. ಅದರಿಂದ ಯಾರಿಗೇನು ಲಾಭ ಎಂದು ಕೇಳಿದೆ. ಲಾಭವಿಲ್ಲ ಎಂದಳು. ಹಾಗಾದರೆ ಯಾಕೆ ಎಂದೆ.

"ಸುಮ್ನೆ."

ಆ ಮಾತು ನನಗೆ ನುಂಗಲಾಗಲಿಲ್ಲ. ಐವತ್ತು ದಾಟಿದ ಮೇಲೂ ಯಾರೂ ಏನನ್ನೂ ಸುಮ್ಮನೆ ಮಾಡಿದ್ದನ್ನು ನಾನು ಕಂಡಿಲ್ಲ. ಸುಮ್ಮನೆ ಬಂದೆ ಎಂದವರು ಕೈಸಾಲ ಕೇಳಿದ್ದಾರೆ, ಸುಮ್ಮನೆ ಕೇಳಿದೆ ಎಂದವರು ನನ್ನ ತಂಗಿಯ ಮಗಳಿಗೆ ಗಂಡು ತಂದಿದ್ದಾರೆ. ಚಂದನ ಮಾತ್ರ ಸುಮ್ಮನೆ ಎಂದದ್ದನ್ನು ಮುಖದಲ್ಲಿ ಒಂದು ಗೆರೆಯೂ ಬದಲಾಗದಂತೆ ಹೇಳಿದಳು. ಸುಳ್ಳನ್ನು ಇಷ್ಟು ಚೆನ್ನಾಗಿ ಹೇಳುವವಳು ಮಿಷನ್ನಿನ ಮುಂದೆ ಕೂತಿದ್ದಾಳಲ್ಲ ಎಂದುಕೊಂಡು ಎದ್ದು ಬಂದೆ.

ತಿಂಗಳುಗಟ್ಟಲೆ ಹೀಗೇ ನಡೆಯಿತು. ಪರದೆ ಕಪ್ಪಗೇ ಇತ್ತು. ಕೆಲವು ದಿನ ಅವಳ ಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆ ಕಾಣುತ್ತಿತ್ತು. ಒಂದು ಸಲ ತಂತಿ ತಪ್ಪಾಗಿ ಕೂತು ಡಬ್ಬದಿಂದ ಹೊಗೆ ಬಂತೆಂದೂ, ಸೊಸೆ ಊಟ ಬಿಟ್ಟು ಗೋಡೆ ನೋಡಿಕೊಂಡು ಕೂತಳೆಂದೂ ಅಕ್ಕಯಮ್ಮ ವರದಿ ಒಪ್ಪಿಸಿದಳು. ಗಂಡ ಬೈದಾಗ ಅಳದವಳು ತಂತಿ ಸುಟ್ಟಿತೆಂದು ಕಣ್ಣೀರು ಹಾಕಿದಳಂತೆ. ನಾನು ಅವಳ ಕೈಯನ್ನು ಗಮನಿಸುತ್ತಲೇ ಇದ್ದೆ. ಹಾಲು ಹಾಕುವ ಹೊತ್ತಿನಲ್ಲಿ ಮಿಷನ್ನಿನ ಹಿಂಭಾಗಕ್ಕೆ ಅವಳ ಕೈ ಹೋಗುತ್ತದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಹೋಗಲಿಲ್ಲ. ನಾನು ನೋಡದಿದ್ದಾಗ ಹೋಗುತ್ತಿರಬಹುದು ಅಂದುಕೊಂಡೆ.

ಮಳೆ ಹಿಡಿದ ಹೊಸದರಲ್ಲಿ ಒಂದು ಬೆಳಿಗ್ಗೆ ಅವಳು ಸಂಘಕ್ಕೆ ದೊಡ್ಡ ಸ್ಟೀಲ್ ಡಬ್ಬಿ ತುಂಬ ರವೆ ಉಂಡೆ ತಂದಳು. ಹಾಲು ಹಾಕಿದವರಿಗೆಲ್ಲ ಒಂದೊಂದು ಕೊಟ್ಟಳು. ನಮ್ಮಲ್ಲಿ ಸಂಘದಲ್ಲಿ ಸಿಹಿ ಹಂಚುವುದಕ್ಕೆ ಒಂದು ಕ್ರಮವಿದೆ. ಹಸು ಕರು ಹಾಕಿದರೆ ಗಿಣ್ಣು, ಮಗಳು ಹೆತ್ತರೆ ಸಕ್ಕರೆ, ಗೃಹಪ್ರವೇಶವಾದರೆ ಲಾಡು. ಎಲ್ಲರೂ ಅವಳ ಹೊಟ್ಟೆ ನೋಡಿದರು, ಅಕ್ಕಯಮ್ಮನ ಮುಖ ನೋಡಿದರು. ಅಕ್ಕಯಮ್ಮ ತನಗೇನೂ ಗೊತ್ತಿಲ್ಲವೆಂಬಂತೆ ತಲೆಯಾಡಿಸಿದಳು.

"ಏನಮ್ಮಿ ವಿಶೇಷ?" ಎಂದು ಕೇಳಿದವಳು ಪಿಳ್ಳಮ್ಮ. ನಮ್ಮ ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವವಳು, ಎಲ್ಲರಿಗಿಂತ ಜೋರು ಗಂಟಲಿನವಳು.

"ಡಬ್ಬದ ಬೀಗ ಒಡೀತು ಪಿಳ್ಳಮ್ಮಕ್ಕ. ಕಂಪನಿಯವ್ರೇ ಯಾರ್ಗೂ ಆಗಲ್ಲ ಅಂದಿದ್ರು. ಪರದೆ ಮೇಲೆ ನನ್ನ ಹೆಸರು ಕನ್ನಡದಲ್ಲಿ ಬಂತು."

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಪಿಳ್ಳಮ್ಮ ಉಂಡೆ ಬಾಯಿಗೆ ಹಾಕಿಕೊಂಡು, ಮಿಷನ್ನನ್ನೊಮ್ಮೆ ನೋಡಿ, ಚಂದನಾಳನ್ನೊಮ್ಮೆ ನೋಡಿ, ನಿಧಾನವಾಗಿ ಅಗಿದಳು. ನನಗೆ ಅವಳ ತಲೆಯೊಳಗೆ ನಡೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಯಾಕೆಂದರೆ ಅದೇ ನನ್ನ ತಲೆಯೊಳಗೂ ನಡೆಯುತ್ತಿತ್ತು.

ಅದೇ ದಿನಗಳಲ್ಲಿ ಊರಿನ ಫ್ಯಾಟು ಇಳಿಯತೊಡಗಿತು. ಒಬ್ಬರದಲ್ಲ, ಬಹಳ ಮನೆಗಳದು. ಹಸಿ ಹುಲ್ಲು ಜಾಸ್ತಿಯಾದರೆ ಹೀಗಾಗುತ್ತದೆ ಎಂದು ಚಂದನ ಹೇಳಿದಳು. ಹೋದ ವರ್ಷವೂ ಮಳೆಗಾಲದಲ್ಲಿ ಇಳಿದಿತ್ತು, ಆಗ ನಾವು ಹುಲ್ಲನ್ನು ಬೈದುಕೊಂಡು ಸುಮ್ಮನಾಗಿದ್ದೆವು. ಈ ವರ್ಷ ಹುಲ್ಲನ್ನು ಯಾರೂ ಬೈಯಲಿಲ್ಲ. ಜಗಲಿ ಜಗಲಿಯಲ್ಲೂ ಒಂದೇ ಮಾತು: ಬೀಗ ಒಡೆಯುವವಳ ಕೈಗೆ ಮಿಷನ್ನು ಕೊಟ್ಟಿದ್ದೇವೆ. ಕರೆಂಟು ಒಂದು ಚೂರು ಕುಗ್ಗಿಸಿದರೆ ಡಬ್ಬಕ್ಕೆ ತಲೆ ತಿರುಗುತ್ತದೆ ಎಂದ ಮೇಲೆ ಫ್ಯಾಟು ಮಿಷನ್ನಿಗೆ ತಿರುಗುವುದಿಲ್ಲವೆ? ಆ ವಿದ್ಯೆಯ ವಿವರ ಊರಿಗೆ ಹೇಗೆ ತಿಳಿಯಿತೆಂದು ನೀವು ಕೇಳಬಹುದು. ನಾನೇ ಹೇಳಿದ್ದೆ. ಗೊತ್ತಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಿರಲು ನಾನೇನು ಬ್ಯಾಂಕಿನ ಲಾಕರೇ?

ಹಾಲು ಒಕ್ಕೂಟಕ್ಕೆ ದೂರು ಹೋಯಿತು. ಅಲ್ಲಿಂದ ಒಬ್ಬ ಮೇಲ್ವಿಚಾರಕ ತನ್ನದೇ ಬೇರೆ ಮಿಷನ್ನು ತಂದು, ಹತ್ತಾರು ಜನರ ಹಾಲನ್ನು ಎರಡರಲ್ಲೂ ಇಟ್ಟು ನೋಡಿದ. ಎರಡೂ ಒಂದೇ ಅಂಕಿ ತೋರಿಸಿದವು. ಸೀಲು ನೋಡಿದ, ಅದೂ ಹಾಗೇ ಇತ್ತು. "ಮಿಷನ್ ಸರಿಯಾಗಿದೆ ಕಣ್ರಮ್ಮ, ಸುಮ್ನೆ ತಲೆಗೆ ಹುಳ ಬಿಟ್ಕೋಬೇಡಿ," ಎಂದು ಹೇಳಿ ಜೀಪು ಹತ್ತಿದ.

ಜೀಪು ಮರೆಯಾಗುವ ಮೊದಲೇ ಪಿಳ್ಳಮ್ಮ, "ಬರ್ತಾರೆ ಅಂತ ಗೊತ್ತಿತ್ತಲ್ಲ, ಸರಿ ಮಾಡಿ ಮಡಗವ್ಳೆ," ಎಂದಳು. ಎಲ್ಲರೂ ಹೌದೆಂದರು. ನಾನೂ ಹೌದೆಂದೆ. ಕೆಟ್ಟಿದ್ದರೆ ಅವಳೇ ಕೆಡಿಸಿದ್ದು, ಸರಿಯಿದ್ದರೆ ಅವಳೇ ಸರಿಮಾಡಿದ್ದು. ಇದರಿಂದ ಹೊರಗೆ ಬರುವ ದಾರಿ ಆ ಹುಡುಗಿಗೆ ಎಲ್ಲಿತ್ತು ಎಂದು ಈಗ ಬರೆಯುವಾಗ ಅನ್ನಿಸುತ್ತದೆ. ಆಗ ನಮಗೆ ಅದು ದೊಡ್ಡ ಬುದ್ಧಿವಂತಿಕೆಯ ಮಾತಾಗಿ ಕೇಳಿಸಿತ್ತು.

ಪಿಳ್ಳಮ್ಮ ಅಲ್ಲಿಗೆ ಬಿಡಲಿಲ್ಲ. ಒಂದು ಬೆಳಿಗ್ಗೆ ತನ್ನ ಹಸುವಿನ ಹಾಲನ್ನೇ ಎರಡು ಕ್ಯಾನಿಗೆ ಹಾಕಿ, ಒಂದನ್ನು ತಾನು ತಂದಳು, ಇನ್ನೊಂದನ್ನು ತನ್ನ ಓರಗಿತ್ತಿ ಲಕ್ಕಮ್ಮನ ಕೈಯಲ್ಲಿ ಅವಳ ಹೆಸರಿಗೆ ಕಳಿಸಿದಳು. ಒಂದೇ ಹಸು, ಒಂದೇ ಹೊತ್ತಿನ ಹಾಲು. ಪಿಳ್ಳಮ್ಮನ ಕ್ಯಾನಿಗೆ ಮಿಷನ್ನು ಎರಡೂ ಮುಕ್ಕಾಲು ತೋರಿಸಿತು. ಲಕ್ಕಮ್ಮನದಕ್ಕೆ ಐದು ಮುಟ್ಟಿತು.

ಪಿಳ್ಳಮ್ಮ ಅಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎಲ್ರೂ ನೋಡ್ಕೊಳ್ಳಿ. ಒಂದೇ ಕೆಚ್ಚಲ ಹಾಲು. ನನ್ ಹೆಸ್ರಿಗೆ ಒಂದು, ಅವ್ಳ ಹೆಸ್ರಿಗೆ ಇನ್ನೊಂದು. ಮೊಕ ನೋಡಿ ಮಣೆ ಹಾಕ್ತೈತೆ ಈ ಮಿಷನ್ನು," ಎಂದಳು.

ಚಂದನ ಎರಡೂ ಅಂಕಿ ನೋಡಿದಳು. ಪಿಳ್ಳಮ್ಮನನ್ನೂ ಒಂದು ಗಳಿಗೆ ನೋಡಿದಳು. ಏನೋ ಹೇಳುವುದಕ್ಕೆ ಬಾಯಿ ತೆರೆದು ಮುಚ್ಚಿದಳು. ಕಳ್ಳಿಗೆ ಮಾತು ಹೊರಡಲಿಲ್ಲ ಎಂದು ನಾನು ತೀರ್ಮಾನಿಸಿದೆ.

ಅದೇ ಮಧ್ಯಾಹ್ನ ಸಂಘದ ಕಟ್ಟಡದಲ್ಲಿ ಸಭೆ ಕರೆದೆ. ಎಲ್ಲ ಸದಸ್ಯೆಯರೂ ಬಂದಿದ್ದರು. ಡಬ್ಬವನ್ನೂ ತರಬೇಕೆಂದು ಹೇಳಿಕಳಿಸಿದ್ದೆವು, ಚಂದನ ತಂದಳು. ಮೇಜಿನ ಮೇಲೆ ಮಿಷನ್ನಿನ ಪಕ್ಕ ಅದನ್ನು ಇಟ್ಟೆವು. ಹೆಂಗಸರು ಎದ್ದೆದ್ದು ಬಂದು ನೋಡಿ ಹೋದರು. ಲಕ್ಕಮ್ಮ ಒಂದು ಬೆರಳಿನಿಂದ ಮುಟ್ಟಿ, ಬೆರಳನ್ನು ಸೀರೆಗೆ ಒರೆಸಿಕೊಂಡಳು. ಚಂದನಾಳನ್ನು ಕೆಲಸದಿಂದ ಬಿಡಿಸಬೇಕೇ ಬೇಡವೇ ಎಂಬುದೇ ಅಂದಿನ ವಿಷಯ. ಅವಳು ಗೋಡೆಗೆ ಒರಗಿ ನಿಂತಿದ್ದಳು, ಯಾವಾಗಲೂ ಕೂರುತ್ತಿದ್ದ ಕುರ್ಚಿಯಲ್ಲಿ ಕೂರಲಿಲ್ಲ.

ಪಿಳ್ಳಮ್ಮ ಎದ್ದು ನಿಂತು ನಡೆದದ್ದೆಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಸಭೆಯ ತುಂಬ ಗುಜುಗುಜು. ಬಿಡಿಸುವುದೇ ಸರಿ ಎಂದು ನಾಲ್ಕಾರು ಕಡೆಯಿಂದ ದನಿ ಬಂತು. ಬರೆದುಕೊಳ್ಳಲು ಪೆನ್ನು ತೆಗೆದೆ. ತೆಗೆದ ಮೇಲೆ ನನ್ನ ಹಾಳು ಗುಣ ಸುಮ್ಮನಿರಲಿಲ್ಲ. ಅನುಮಾನ ಚಂದನಾಳ ಮೇಲೆ ಮಾತ್ರ ಬರುತ್ತದೆಯೇ? ಪಿಳ್ಳಮ್ಮನ ಮೇಲೂ ಬರುತ್ತದೆ.

"ಪಿಳ್ಳಮ್ಮ, ಎರಡು ಕ್ಯಾನಿಗೆ ಹೆಂಗೆ ಹಾಕ್ದೆ? ಬಕೆಟ್ಟಿಗೆ ಕರೆದು ಆಮೇಲೆ ಭಾಗ ಮಾಡಿದ್ಯಾ?" ಎಂದು ಕೇಳಿದೆ.

"ಬಕೆಟ್ ಯಾಕೆ? ಕ್ಯಾನ್ಗೇ ಕರ್ದೆ. ಮೊದ್ಲು ನಂದು ತುಂಬ್ತು, ಆಮೇಲೆ ಲಕ್ಕಮ್ಮಂದು ಹಿಡ್ದೆ."

ಗುಜುಗುಜು ನಿಂತಿತು. ಅಲ್ಲಿ ಕೂತಿದ್ದವರೆಲ್ಲ ಲಂಗ ಹಾಕುವ ವಯಸ್ಸಿನಿಂದ ಹಸು ಕರೆದವರು. ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದು ಗಟ್ಟಿ. ಇದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ, ನಮ್ಮ ಬೆರಳಿಗೇ ಗೊತ್ತು. ಪಿಳ್ಳಮ್ಮನ ಬೆರಳಿಗೂ ಗೊತ್ತಿತ್ತು. ಚಂದನಾಳನ್ನು ಹಿಡಿಯುವ ಆತುರದಲ್ಲಿ ಅವಳೂ ಮರೆತಳು, ನಾವೂ ಮರೆತೆವು.

ಮಾತಾಡಿದವಳು ಅಕ್ಕಯಮ್ಮ. ಸೊಸೆಯ ಪರ ಒಂದು ದಿನವೂ ಒಂದು ಮಾತೂ ಆಡಿದವಳಲ್ಲ. "ಕೊನೆ ಹಾಲು ಗಟ್ಟಿ ಇರ್ದೆ ಇನ್ನೇನಾಯ್ತದೆ? ನಾವೆಲ್ಲ ಮನೆಗೆ ಯಾವ ಹಾಲು ಮಡಿಕೊಳ್ತೀವಿ, ಡೈರಿಗೆ ಯಾವ ಹಾಲು ತತ್ತೀವಿ? ಬಾಯ್ಬಿಟ್ಟು ಹೇಳ್ರಮ್ಮ," ಎಂದಳು.

ಮೊದಲ ಹಾಲು ಡೈರಿಗೆ, ಕೊನೆಯ ಹಾಲು ಮನೆಯ ಕಾಫಿಗೆ, ಮೊಸರಿಗೆ, ತುಪ್ಪಕ್ಕೆ. ಇದು ಮನೆಮನೆಯ ಸಂಗತಿ, ಆದರೆ ಒಬ್ಬರ ಮುಂದೆ ಒಬ್ಬರು ಆಡುವ ಸಂಗತಿಯಲ್ಲ. ಎಲ್ಲರೂ ನೆಲ ನೋಡುತ್ತಾ ಕೂತರು.

"ನಿಂಗೆ ಬೆಳಿಗ್ಗೇನೇ ಗೊತ್ತಾಗಿತ್ತಾ?" ಎಂದು ನಾನು ಚಂದನಾಳನ್ನು ಕೇಳಿದೆ.

"ಅಂಕಿ ನೋಡಿದ್ ತಕ್ಷಣ ಗೊತ್ತಾಯ್ತು ಅಕ್ಕಾ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಮೆಲ್ಲಗೆ ಹೇಳಿದಳು: "ದಿನಾ ಗೊತ್ತಾಗುತ್ತೆ. ಯಾರ ಮನೇಲಿ ಗಟ್ಟಿ ಹಾಲು ಉಳೀತು, ಯಾರ ಮನೇಲಿ ನೆಂಟರು ಬಂದು ಎಲ್ಲಾ ಖರ್ಚಾಯ್ತು, ಯಾರು ಕರೂನೇ ಕುಡಿಯಕ್ಕೆ ಬಿಟ್ಟಿಲ್ಲ. ಮಿಷನ್ ಮುಂದೆ ಕೂತ್ರೆ ಎಲ್ಲರ ಅಡುಗೆಮನೆ ಕಾಣುತ್ತೆ. ಯಾವತ್ತಾದ್ರೂ ಒಬ್ಬರ ವಿಷ್ಯ ಇನ್ನೊಬ್ಬರಿಗೆ ಹೇಳಿದ್ದೀನಾ?"

ಯಾರೂ ಹೇಳಿದ್ದಾಳೆ ಎನ್ನಲಿಲ್ಲ. ನನ್ನ ಕ್ಯಾನೂ ದಿನಾ ಅವಳ ಮುಂದೆಯೇ ಹೋಗುತ್ತದೆ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸೋತವರಿಗೆ ಎದ್ದುಹೋಗಲು ಒಂದು ದಾರಿ ಬೇಕಲ್ಲ. ಪಿಳ್ಳಮ್ಮ ಗಂಟಲು ಸರಿಮಾಡಿಕೊಂಡು, "ಅದೆಲ್ಲ ಇರ್ಲಿ. ಆದ್ರೂ ಆ ಡಬ್ಬ ಯಾಕೆ? ಬೀಗ ಒಡೆಯೋ ವಿದ್ಯೆ ಹಾಲು ನೋಡೋಳಿಗೆ ಯಾಕೆ? ಡಬ್ಬ ಬಿಡ್ಲಿ, ಕೆಲ್ಸ ಮಡಿಕೊಳ್ಳಲಿ," ಎಂದಳು. ಈ ಮಾತು ಎಲ್ಲರಿಗೂ ಅನುಕೂಲವಾಗಿ ಕಂಡಿತು. ತಪ್ಪು ನಮ್ಮದೆಂದೂ ಆಗಲಿಲ್ಲ, ಹುಡುಗಿಯ ಕೆಲಸವೂ ಉಳಿಯಿತು. ಡಬ್ಬವನ್ನು ಸಂಘದ ಬೀರುವಿನಲ್ಲಿಟ್ಟು ಬೀಗ ಹಾಕೋಣ ಎಂದು ಲಕ್ಕಮ್ಮ ಸೇರಿಸಿದಳು. ನಾನೂ ಚಂದನಾಳ ಕಡೆ ತಿರುಗಿ, "ಒಪ್ಕೊಂಡ್ಬಿಡಮ್ಮ. ಆಟದ ಸಾಮಾನು ತಾನೇ," ಎಂದೆ.

ಅವಳು ಮೇಜಿನ ಹತ್ತಿರ ಬಂದಳು. ಡಬ್ಬದ ಮೇಲೆ ಒಂದು ಕೈ ಇಟ್ಟಳು, ಮಿಷನ್ನಿನ ಮೇಲೆ ಇನ್ನೊಂದು ಕೈ ಇಟ್ಟಳು.

"ಇದು ನಂದು, ಅದಕ್ಕೆ ಬಿಚ್ದೆ. ಇದು ನಿಮ್ದು, ಅದಕ್ಕೆ ಬಿಚ್ಚಲಿಲ್ಲ. ಇಷ್ಟು ನಿಮ್ಗೆ ತಿಳೀದಿದ್ರೆ ನಾನು ಡಬ್ಬ ಬಿಟ್ಟು ಏನು ಪ್ರಯೋಜನ? ಬಿಟ್ರೆ ಏನೋ ಮಾಡಿದ್ಲು, ಅದಕ್ಕೇ ಬಿಟ್ಲು ಅಂತೀರ."

ಮಿಷನ್ನಿನ ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು, ಡಬ್ಬವನ್ನು ಎದೆಗೆ ಅವುಚಿಕೊಂಡು ಹೊರಟುಹೋದಳು. ಆ ಕುರ್ಚಿ ಅವಳಿಗೆ ಏನೆಂದು ನನಗೆ ಗೊತ್ತಿತ್ತು. ಇಷ್ಟು ಸುಲಭವಾಗಿ ಬಿಟ್ಟು ಹೋಗುವಳೆಂದು ನಾನು ಅಂದುಕೊಂಡಿರಲಿಲ್ಲ, ಸುಲಭವಾಗಿರಲಿಲ್ಲ ಎಂಬುದೂ ಅವಳ ಬೆನ್ನು ನೋಡಿದರೆ ತಿಳಿಯುತ್ತಿತ್ತು. ನನಗೆ ರೇಗಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಹಾಗಾಗಿ ಪಿಳ್ಳಮ್ಮನ ಮೇಲೆ ಎಂದಿಟ್ಟುಕೊಂಡೆ.

ಸಂಜೆಯ ಹಾಲಿನ ಹೊತ್ತಾಯಿತು. ಕ್ಯಾನುಗಳು ಸಾಲಾಗಿ ನಿಂತವು. ಮಿಷನ್ನು ಹಚ್ಚಿದೆ, ಕುರ್ಚಿ ಎಳೆದುಕೊಂಡೆ. ಲೋಟ ಹಿಡಿದು ಒಂದು ಗುಂಡಿ ಒತ್ತುವ ಕೆಲಸ, ಯಾರು ಬೇಕಾದರೂ ಮಾಡಬಹುದು. ಸಾಲಿನ ಮುಂದೆ ಪಿಳ್ಳಮ್ಮನೇ ಇದ್ದಳು. ಕ್ಯಾನಿನ ಮುಚ್ಚಳದ ಮೇಲಿಂದ ಕೈ ತೆಗೆಯಲಿಲ್ಲ.

"ನೀನು ನೋಡ್ತೀಯಾ?" ಎಂದಳು.

"ಯಾಕೆ, ನೋಡಬಾರ್ದಾ?"

"ನೀನು ಬ್ಯಾಡ ಪ್ರಮೋದ. ನೀನು ನೋಡಿದ್ದು ಬೆಳಗಾಗೋ ಹೊತ್ಗೆ ಸೂಲಿಬೆಲೆವರ್ಗೂ ಹೋಗಿರ್ತದೆ."

ಸಾಲಿನಲ್ಲಿ ಯಾರೂ ನಗಲಿಲ್ಲ, ಯಾರೂ ನನ್ನ ಪರ ನಿಲ್ಲಲೂ ಇಲ್ಲ. ಸಿಟ್ಟು ಬಂತು. ಹಾಗಾದರೆ ನೀನೇ ಕೂತುಕೋ ಎಂದು ಕುರ್ಚಿ ಬಿಟ್ಟು ಎದ್ದೆ. ಪಿಳ್ಳಮ್ಮ ಕೂರುವ ಮೊದಲೇ ಹಿಂದಿನಿಂದ ಐದಾರು ಜನ ಒಟ್ಟಿಗೇ ಬೇಡ ಎಂದರು. ಲಕ್ಕಮ್ಮ ಕೂರಲಿ ಎಂದರೆ ಅವಳ ಸ್ವಂತ ನಾದಿನಿಯೇ ಒಪ್ಪಲಿಲ್ಲ. ಒಬ್ಬೊಬ್ಬರ ಹೆಸರು ಬಂತು, ಬಂದ ಹಾಗೇ ಬಿತ್ತು. ಮಧ್ಯಾಹ್ನ ಚಂದನ ಹೇಳಿದ ಮಾತು ಎಲ್ಲರ ತಲೆಯಲ್ಲೂ ಕೂತಿತ್ತು. ಆ ಕುರ್ಚಿಯಲ್ಲಿ ಕೂತವರಿಗೆ ತಮ್ಮ ಅಡುಗೆಮನೆ ಕಾಣುತ್ತದೆ ಎಂದು ತಿಳಿದ ಮೇಲೆ ಪಕ್ಕದ ಮನೆಯವಳನ್ನು ಅಲ್ಲಿ ಕೂರಿಸುವುದು ಯಾರಿಗೆ ತಾನೇ ಸಹಿಸುತ್ತದೆ? ಹಾಲು ಕ್ಯಾನಿನಲ್ಲೇ ನಿಂತಿತ್ತು. ಹೊರಗೆ ಹಾಲಿನ ಲಾರಿ ಬಂದು ಹಾರನ್ನು ಹೊಡೆಯತೊಡಗಿತು.

ಕೊನೆಗೆ ಪಿಳ್ಳಮ್ಮನೇ ತನ್ನ ಕ್ಯಾನು ನೆಲಕ್ಕಿಟ್ಟು, ಯಾರ ಮುಖವನ್ನೂ ನೋಡದೆ, "ಹೋಗು, ಅವ್ಳನ್ನೇ ಕರ್ಕೊಂಡ್ ಬಾ," ಎಂದಳು.

ನಾನು ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದೆ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ. ಅವಳ ಮನೆಯ ಬಾಗಿಲು ತೆರೆದೇ ಇತ್ತು. ಡಬ್ಬ ಟಿವಿಯ ಕೆಳಗಿತ್ತು. ಪರದೆಯ ಮೇಲೆ ಕುಂಟೆಬಿಲ್ಲೆಯ ಮನೆಗಳು, ಲಂಗದ ಹುಡುಗಿಯೊಬ್ಬಳು ಒಂಟಿಕಾಲಲ್ಲಿ ನಿಂತಿದ್ದಳು. ಚಂದನ ತಾನೇ ಬರೆದ ಆಟ ಅದು. ಆಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಾ ಕೂತಿದ್ದಳು. ಕಣ್ಣು ಊದಿಕೊಂಡಿತ್ತು.

"ಲಾರಿ ಬಂದದೆ. ಎಲ್ರೂ ನಿಂಗೇ ಕಾಯ್ತಾವ್ರೆ, ಬಾ," ಎಂದೆ.

"ಡಬ್ಬ?"

"ಡಬ್ಬದ ಸುದ್ದಿ ಯಾರೂ ಎತ್ತಲ್ಲ."

ಅವಳು ಏಳಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದಳು: "ಅವ್ರ ಮಾತು ಬಿಡಿ ಅಕ್ಕಾ. ನೀವು ಹೇಳಿ. ನೀವು ನನ್ನ ನಂಬ್ತೀರಾ?"

ಹೌದು ಎಂದರೆ ಮುಗಿಯುತ್ತಿತ್ತು. ಲಾರಿ ಇನ್ನೊಮ್ಮೆ ಹಾರನ್ನು ಹೊಡೆಯಿತು. ಆ ಹುಡುಗಿ ನೋಡುತ್ತಿದ್ದ ರೀತಿಗೆ ಬಾಯಿಗೆ ಬಂದ ಹೌದು ಅಲ್ಲೇ ನಿಂತಿತು.

"ಇಲ್ಲ," ಎಂದೆ. "ನಾನು ನನ್ನ ಗಂಡನ್ನೂ ನಂಬಲ್ಲ. ಆದ್ರೆ ಊರಲ್ಲಿ ಇರೋರಲ್ಲೆಲ್ಲ ನಿನ್ನ ಮೇಲೇ ಅನುಮಾನ ಕಮ್ಮಿ."

ಚಂದನ ಎದ್ದು ಟಿವಿ ಆರಿಸಿದಳು. ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು ಬಂದು ಚಪ್ಪಲಿ ಮೆಟ್ಟಿದಳು.

"ನಂಬ್ತೀನಿ ಅಂದಿದ್ರೆ ನಾನು ಬರ್ತಿರ್ಲಿಲ್ಲ," ಎಂದಳು.